ವಿಲಿಯಂ ಶೆಲ್ಡನ್ ಮತ್ತು ಅಮೆರಿಕದ ತಾಮ್ರದ ಸೆಂಟುಗಳು

ಶಿಕ್ಷಕರ ತರಬೇತಿ ವಿದ್ಯಾಲಯದಲ್ಲಿ ಮನಃಶಾಸ್ತ್ರವನ್ನು ಓದಿದವರಿಗೆ ಶೆಲ್ಡನ್ ಎಂಬ ಹೆಸರು ಅಪರಿಚಿತವಲ್ಲ. ವ್ಯಕ್ತಿತ್ವದ ಪ್ರಕಾರಗಳನ್ನು ಕುರಿತ ಅಧ್ಯಾಯದಲ್ಲಿ ಕ್ರೆಶ್ಮರ್ ಎಂಬ ಜರ್ಮನ್ ವೈದ್ಯನ ಬೆನ್ನಿಗೇ ಈ ಹೆಸರು ಬರುತ್ತದೆ. ಎಂಡೊಮಾರ್ಫ್, ಮೆಸೊಮಾರ್ಫ್, ಎಕ್ಟೊಮಾರ್ಫ್ ಎಂಬ ಮೂರು ಶಬ್ದಗಳನ್ನು ಬಾಯಿಪಾಠ ಮಾಡಿ, ದುಂಡು ಮೈಯವನು, ಕಟ್ಟುಮಸ್ತಾದವನು, ಸಣಕಲನು ಎಂದು ಉತ್ತರಪತ್ರಿಕೆಯಲ್ಲಿ ವಿವರಿಸಿ ಅಂಕ ಪಡೆದವರು ನಮ್ಮಲ್ಲಿ ಎಷ್ಟೋ ಮಂದಿ. ಆದರೆ ಈ ಶೆಲ್ಡನ್ನರಿಗೆ ಇನ್ನೊಂದು ಬದುಕಿತ್ತು. ಅಮೆರಿಕದ ನಾಣ್ಯಸಂಗ್ರಾಹಕರಲ್ಲಿ ಅವರ ಕೀರ್ತಿ ಮನಃಶಾಸ್ತ್ರಜ್ಞರಲ್ಲಿ ಇದ್ದುದಕ್ಕಿಂತಲೂ ದೊಡ್ಡದು. ಅವರ ಅಪಕೀರ್ತಿಯೂ ಅಷ್ಟೇ ದೊಡ್ಡದು. ಪಠ್ಯಪುಸ್ತಕವು ಹೇಳದೆ ಬಿಟ್ಟ ಆ ಭಾಗವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ವಿಲಿಯಂ ಹರ್ಬರ್ಟ್ ಶೆಲ್ಡನ್ನರು ಅಮೆರಿಕದ ಅತಿ ಚಿಕ್ಕ ರಾಜ್ಯವಾದ ರೋಡ್ ಐಲೆಂಡಿನ ವಾರ್ವಿಕ್‌ನಲ್ಲಿ 1898ರ ನವೆಂಬರ್ 19ರಂದು ಜನಿಸಿದರು. ತಂದೆ ಪ್ರಕೃತಿಪ್ರೇಮಿ, ಪ್ರಾಣಿಗಳ ತಳಿಗಳನ್ನು ಸಾಕಿ ಬೆಳೆಸುವುದರಲ್ಲಿ ನುರಿತವರು. ಜೀವಿಯ ಹೊರರೂಪವನ್ನು ನೋಡಿ ಅದರ ಗುಣವನ್ನು ಹೇಳಬಹುದೆಂಬ ನಂಬಿಕೆ ಮಗನಿಗೆ ಅಲ್ಲಿಂದಲೇ ಬಂದಿರಬೇಕು. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಪದವಿ, ಕೊಲೊರಾಡೊದಲ್ಲಿ ಸ್ನಾತಕೋತ್ತರ ವ್ಯಾಸಂಗ, ಷಿಕಾಗೊದಲ್ಲಿ ಮೊದಲು ಮನಃಶಾಸ್ತ್ರದ ಡಾಕ್ಟರೇಟ್, ಅನಂತರ 1933ರಲ್ಲಿ ವೈದ್ಯಪದವಿ, ಹೀಗೆ ಅವರ ವಿದ್ಯಾಭ್ಯಾಸ ನಡೆಯಿತು. ಯುರೋಪಿಗೆ ಹೋಗಿ ಫ್ರಾಯ್ಡ್, ಯೂಂಗ್, ಕ್ರೆಶ್ಮರ್ ಮುಂತಾದವರನ್ನು ಕಂಡು ಬಂದರು. 1938ರಿಂದ ಹಾರ್ವರ್ಡಿನಲ್ಲಿದ್ದು, ಸುಮಾರು 4,000 ವಿದ್ಯಾರ್ಥಿಗಳ ಬೆತ್ತಲೆ ಭಾವಚಿತ್ರಗಳನ್ನು ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ನೋಡಿ ಪ್ರತಿಯೊಂದು ದೇಹಕ್ಕೂ ಮೂರು ಅಂಕಿಗಳನ್ನು ಕೊಟ್ಟರು. ಒಂದರಿಂದ ಏಳರವರೆಗಿನ ಮಾನದಲ್ಲಿ ಕೊಬ್ಬಿಗೊಂದು, ಸ್ನಾಯುವಿಗೊಂದು, ಕೃಶತೆಗೊಂದು. 1940ರಲ್ಲಿ ಪ್ರಕಟವಾದ ದೇಹಪ್ರಭೇದಗಳ ಗ್ರಂಥವೂ 1942ರ ಸ್ವಭಾವಪ್ರಭೇದಗಳ ಗ್ರಂಥವೂ ಅವರನ್ನು ಪ್ರಸಿದ್ಧರನ್ನಾಗಿಸಿದವು. ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿಯಂಥವರೂ ಅವರನ್ನು ಮೆಚ್ಚಿಕೊಂಡಿದ್ದರು. ಮಹಾಯುದ್ಧದ ಬಳಿಕ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ದೇಹಪ್ರಕೃತಿಯ ಪ್ರಯೋಗಾಲಯದ ನಿರ್ದೇಶಕರಾದರು.

ಇಷ್ಟು ಪಠ್ಯಪುಸ್ತಕದ ಶೆಲ್ಡನ್. ಇನ್ನು ನಾಣ್ಯಗಳ ವಿಷಯ.

ಅಮೆರಿಕ ಸಂಯುಕ್ತ ಸಂಸ್ಥಾನದ ಟಂಕಸಾಲೆ 1792ರ ಏಪ್ರಿಲ್ 2ರ ಕಾಯಿದೆಯಂತೆ ಫಿಲಡೆಲ್ಫಿಯಾದಲ್ಲಿ ಸ್ಥಾಪಿತವಾಯಿತು. ಮರುವರ್ಷದ ಮಾರ್ಚ್ ತಿಂಗಳಿನಲ್ಲಿ ಅಲ್ಲಿಂದ ತಾಮ್ರದ ಸೆಂಟುಗಳು ಹೊರಬಂದವು. ಒಂದು ಡಾಲರಿನ ನೂರನೆಯ ಒಂದು ಭಾಗವಾದ ಈ ನಾಣ್ಯ ಇಂದಿನ ಸೆಂಟಿನಂತೆ ಪುಟ್ಟದಲ್ಲ. ನಮ್ಮ ಹಿರಿಯರು ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದ ಬೆಳ್ಳಿಯ ರೂಪಾಯಿಗಿಂತ ಅಗಲದಲ್ಲಿ ತುಸು ಕಿರಿದು, ತೂಕದಲ್ಲಿ ಹೆಚ್ಚು; ಆರಂಭದಲ್ಲಿ 208 ಗ್ರೇನ್, ಅಂದರೆ ಹದಿಮೂರೂವರೆ ಗ್ರಾಮಿನಷ್ಟು. ತಾಮ್ರದ ಬೆಲೆ ಏರಿದ್ದರಿಂದ 1795ರ ಕೊನೆಗೆ ಅದನ್ನು 168 ಗ್ರೇನಿಗೆ ಇಳಿಸಿದರು. ಮೊತ್ತಮೊದಲಿನ ಸೆಂಟಿನ ಹಿಂಬದಿಯಲ್ಲಿ ಹದಿನೈದು ಕೊಂಡಿಗಳ ಸರಪಳಿಯೊಂದಿತ್ತು. ಒಂದಾದ ರಾಜ್ಯಗಳ ಸಂಕೇತವೆಂದು ಮಾಡಿದ್ದು, ಜನರಿಗೆ ದಾಸ್ಯದ ಬೇಡಿಯಂತೆ ಕಂಡಿತು. ಒಂದು ಮುಖದಲ್ಲಿ ಸ್ವಾತಂತ್ರ್ಯದೇವಿ, ಇನ್ನೊಂದರಲ್ಲಿ ಸರಪಳಿ! ಆಕ್ಷೇಪಣೆಯ ನಡುವೆ 36,103 ನಾಣ್ಯಗಳಷ್ಟೇ ಹೊರಬಂದು, ಸರಪಳಿಯ ಜಾಗದಲ್ಲಿ ಎಲೆಗಳ ಮಾಲೆ ಬಂದಿತು.

ಆ ಕಾಲದ ಅಚ್ಚುಗಳನ್ನು ಮಾಡುತ್ತಿದ್ದುದು ಕೈಯಿಂದ. ಮೆತ್ತಗಿನ ಉಕ್ಕಿನ ಮುಖದ ಮೇಲೆ ಕೆತ್ತನೆಗಾರನು ದೇವಿಯ ತಲೆ, ಎಲೆ, ಹಣ್ಣುಗಳನ್ನು ಕೊರೆದು ಅಥವಾ ಒತ್ತಿ, ಅಕ್ಷರಗಳನ್ನೂ ಇಸವಿಯ ಅಂಕಿಗಳನ್ನೂ ಒಂದೊಂದಾಗಿ ಮೊಳೆಯಚ್ಚಿನಿಂದ ಬಡಿದು ಕೂಡಿಸುತ್ತಿದ್ದನು. ಬಳಿಕ ಉಕ್ಕನ್ನು ಕಾಯಿಸಿ ಹದಗೊಳಿಸುತ್ತಿದ್ದರು. ಆದ್ದರಿಂದ ಒಂದು ಅಚ್ಚು ಇನ್ನೊಂದರಂತೆ ಇರುವುದು ಸಾಧ್ಯವೇ ಇರಲಿಲ್ಲ. ಒಂದರಲ್ಲಿ ಅಂಕಿ ಓರೆ. ಇನ್ನೊಂದರಲ್ಲಿ ಅಕ್ಷರ ದೂರ. ಮತ್ತೊಂದರಲ್ಲಿ ಎಲೆಯ ತೊಟ್ಟಿಗೆ ಹಣ್ಣಿಲ್ಲ. ಕೆಲಸ ಮಾಡುತ್ತ ಅಚ್ಚು ಸೀಳಿದರೆ ಆ ಸೀಳೂ ನಾಣ್ಯದ ಮೇಲೆ ಗೆರೆಯಾಗಿ ಮೂಡುತ್ತಿತ್ತು. ಒಂದು ಮುಂಬದಿಯ ಅಚ್ಚು ಕೆಟ್ಟರೆ ಹಿಂಬದಿಯದನ್ನು ಬೇರೊಂದರ ಜೊತೆಗೆ ಕೂಡಿಸುತ್ತಿದ್ದರು. ಹೀಗೆ ಕೂಡಿದ ಪ್ರತಿಯೊಂದು ಜೋಡಿಯೂ ಸಂಗ್ರಾಹಕರ ಭಾಷೆಯಲ್ಲಿ ಒಂದೊಂದು ಪ್ರಭೇದ. 1794ನೆಯ ಇಸವಿಯೊಂದರಲ್ಲೇ ಇಂಥ ಜೋಡಿಗಳು ಐವತ್ತಕ್ಕೂ ಮೀರಿವೆ. ಅವುಗಳಲ್ಲಿ ಒಂದರ ಹಿಂಬದಿಯ ಅಂಚಿನ ಹಲ್ಲುಗಳ ನಡುವೆ 94 ಸೂಕ್ಷ್ಮ ನಕ್ಷತ್ರಗಳಿವೆ. ಏಕೆ ಕೊರೆದರೆಂಬುದಕ್ಕೆ ಊಹೆಗಳಲ್ಲದೆ ಬೇರೆ ಉತ್ತರವಿಲ್ಲ.

1857ರಲ್ಲಿ ಈ ದೊಡ್ಡ ಸೆಂಟನ್ನು ಸರಕಾರ ನಿಲ್ಲಿಸಿದಾಗ ಜನರಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಕೈತಪ್ಪಿದ ಮೇಲೆ ಬೆಲೆ ತಿಳಿಯುವುದು ಎಲ್ಲ ದೇಶಗಳಲ್ಲಿಯೂ ಇರುವುದೇ. ಫಿಲಡೆಲ್ಫಿಯಾದ ಎಡ್ವರ್ಡ್ ಮ್ಯಾರಿಸ್ ಎಂಬ ವೈದ್ಯರು 1869ರಲ್ಲಿ 1794ರ ಸೆಂಟುಗಳನ್ನು ಕುರಿತು ಒಂದು ಚಿಕ್ಕ ಪುಸ್ತಕ ಬರೆದು, ಪ್ರಭೇದಗಳಿಗೆ ಜೋಡಿಗಲ್ಲದವಳು, ಬಿದ್ದ ನಾಲ್ಕು, ಬಹುಕೇಶಿ ಎಂಬರ್ಥದ ತಮಾಷೆಯ ಹೆಸರುಗಳನ್ನಿಟ್ಟರು. ರೋಗಿಯ ಮುಖವನ್ನು ನೋಡಿ ರೋಗ ಗುರುತಿಸುವ ವೈದ್ಯನ ಕಣ್ಣೇ ಇಲ್ಲಿಯೂ ಕೆಲಸ ಮಾಡಿದೆ. ಮುಂದೆ ಬಂದವರು ಒಂದೊಂದು ಇಸವಿಯನ್ನು ಹಿಡಿದು ಬರೆದರು. ಆದರೆ ಬಿಡಿಬಿಡಿಯಾಗಿದ್ದ ಈ ವಿದ್ಯೆಯನ್ನು ಒಂದೇ ಸೂತ್ರದಲ್ಲಿ ಪೋಣಿಸಿದವರು ಶೆಲ್ಡನ್ನರು.

1949ರಲ್ಲಿ ಹಾರ್ಪರ್ ಸಂಸ್ಥೆಯಿಂದ ಹೊರಬಂದ ಅವರ 'ಅರ್ಲಿ ಅಮೆರಿಕನ್ ಸೆಂಟ್ಸ್' ಗ್ರಂಥವು 1793ರಿಂದ 1814ರವರೆಗಿನ ಎಲ್ಲ ಪ್ರಭೇದಗಳನ್ನು ಒಂದರಿಂದ 295ರವರೆಗೆ ಕ್ರಮಸಂಖ್ಯೆ ಕೊಟ್ಟು ವರ್ಣಿಸಿತು. ಸರಪಳಿಯ ಮೊದಲ ಸೆಂಟಿಗೆ ಒಂದನೆಯ ಸಂಖ್ಯೆ. ಎರಡು ಮೂರಕ್ಕಿಂತ ಹೆಚ್ಚು ಪ್ರತಿಗಳು ದೊರೆಯದವುಗಳನ್ನು, ಸಂಗ್ರಹಿಸಹೊರಡುವುದೇ ವ್ಯರ್ಥವೆಂದು ಬೇರೆ ಪಟ್ಟಿಗೆ ಸೇರಿಸಿದರು. ವಿರಳತೆಗೆ ಎಂಟು ಮೆಟ್ಟಿಲುಗಳನ್ನು ಕಟ್ಟಿದರು. ಎಂಟನೆಯ ಮೆಟ್ಟಿಲಿನಲ್ಲಿ ಇರುವುದು ಒಂದರಿಂದ ಮೂರು ಪ್ರತಿಗಳು ಮಾತ್ರ, ಏಳನೆಯದರಲ್ಲಿ ನಾಲ್ಕರಿಂದ ಹನ್ನೆರಡು. ಪುಸ್ತಕದ ಉಪಶೀರ್ಷಿಕೆಯಲ್ಲಿ ಅವರು ತಮ್ಮ ಕೃತಿಯನ್ನು ವರ್ಣನಾತ್ಮಕ ವರ್ಗೀಕರಣದ ಒಂದು ಅಭ್ಯಾಸವೆಂದು ಕರೆದುಕೊಂಡಿದ್ದಾರೆ. ಮನುಷ್ಯರ ಪ್ರಭೇದಗಳನ್ನು ಎಣಿಸುವವನಿಗೆ ನಾಣ್ಯಗಳ ಪ್ರಭೇದಗಳು ಬೇರೆ ವಿಷಯವಾಗಿ ಕಾಣಲಿಲ್ಲ. 1958ರಲ್ಲಿ ಡೊರೊಥಿ ಪ್ಯಾಸ್ಕಲ್ ಮತ್ತು ವಾಲ್ಟರ್ ಬ್ರೀನ್ ಅವರ ನೆರವಿನಿಂದ ಅದೇ ಗ್ರಂಥ ಪರಿಷ್ಕೃತವಾಗಿ 'ಪೆನ್ನಿ ವಿಮ್ಸಿ' ಎಂಬ ಹೆಸರಿನಲ್ಲಿ ಬಂತು.

ಅದೇ ಗ್ರಂಥದಲ್ಲಿ ಅವರು ಇನ್ನೊಂದು ಮಾನವನ್ನೂ ಸೂಚಿಸಿದರು. ಗುರುತು ಮಾತ್ರ ಸಿಗುವಷ್ಟು ಸವೆದ ನಾಣ್ಯಕ್ಕೆ ಒಂದು, ಟಂಕಸಾಲೆಯಿಂದ ಆಗತಾನೇ ಬಂದಂತಿರುವ ಕುಂದಿಲ್ಲದ ನಾಣ್ಯಕ್ಕೆ ಎಪ್ಪತ್ತು. ಸವೆದುದರ ಬೆಲೆ ಒಂದು ಡಾಲರಾದರೆ ಕುಂದಿಲ್ಲದುದರ ಬೆಲೆ ಎಪ್ಪತ್ತು ಡಾಲರ್, ನಡುವಿನವುಗಳ ಬೆಲೆ ಆಯಾ ಅಂಕಿಯಷ್ಟು ಪಟ್ಟು, ಇದು ಅವರ ಲೆಕ್ಕ. ದೇಹಕ್ಕೆ ಏಳು, ತಾಮ್ರಕ್ಕೆ ಎಪ್ಪತ್ತು! ಪೇಟೆಯ ಧಾರಣೆ ಕೆಲವೇ ವರ್ಷಗಳಲ್ಲಿ ಈ ಲೆಕ್ಕವನ್ನು ಮೀರಿಹೋಯಿತು. ಸೂತ್ರ ಸತ್ತಿತು, ಮಾನ ಉಳಿಯಿತು. 1986ರಿಂದೀಚೆಗೆ ಅಮೆರಿಕದಲ್ಲಿ ನಾಣ್ಯಗಳನ್ನು ಪರೀಕ್ಷಿಸಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುವ ಸಂಸ್ಥೆಗಳು ಎಲ್ಲ ದೇಶಗಳ ನಾಣ್ಯಗಳಿಗೂ ಈ ಎಪ್ಪತ್ತರ ಮಾನವನ್ನೇ ಹಚ್ಚುತ್ತವೆ. ನಮ್ಮ ದೇಶದ ರೂಪಾಯಿ ನಾಣ್ಯವೊಂದನ್ನು ಅಂಥಲ್ಲಿಗೆ ಕಳುಹಿಸಿದವರೂ, ತಿಳಿದೋ ತಿಳಿಯದೆಯೋ, ಶೆಲ್ಡನ್ನರ ಕೈಯಿಂದಲೇ ಅಂಕ ಪಡೆದಂತೆ.

ಇಲ್ಲಿಗೆ ಕಥೆ ನಿಂತಿದ್ದರೆ ಒಬ್ಬ ವಿದ್ವಾಂಸರ ಸಫಲ ಜೀವನವೆಂದು ಮುಗಿಸಬಹುದಿತ್ತು.

ಪಿಟ್ಸ್‌ಬರ್ಗಿನಲ್ಲಿ ಜಾರ್ಜ್ ಹಬರ್ಡ್ ಕ್ಲ್ಯಾಪ್ ಎಂಬವರಿದ್ದರು. 1858ರಲ್ಲಿ ಜನಿಸಿದ ಅವರು ಅಮೆರಿಕದಲ್ಲಿ ಅಲ್ಯುಮಿನಿಯಂ ಉದ್ಯಮವನ್ನು ಕಟ್ಟಿದ ಕೆಲವರಲ್ಲಿ ಒಬ್ಬರು. ಶಂಖ ಕಪ್ಪೆಚಿಪ್ಪುಗಳನ್ನೂ ತಾಮ್ರದ ಸೆಂಟುಗಳನ್ನೂ ಸಮಾನ ಶ್ರದ್ಧೆಯಿಂದ ಕೂಡಿಟ್ಟವರು. 1798 ಮತ್ತು 1799ರ ಸೆಂಟುಗಳನ್ನು ಕುರಿತು ತಾವೇ ಪುಸ್ತಕ ಬರೆದಿದ್ದರು. ಇಳಿವಯಸ್ಸಿನಲ್ಲಿ, 1946ರಲ್ಲಿ, ಆ ನಾಣ್ಯಗಳನ್ನೆಲ್ಲ ಮಾರದೆ, ವಿದ್ವಾಂಸರ ಉಪಯೋಗಕ್ಕಾಗಿ ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಗೆ ದಾನವಾಗಿ ಕೊಟ್ಟರು. ಒಂದೊಂದು ಪ್ರಭೇದದಲ್ಲಿಯೂ ದೊರೆತವುಗಳ ಪೈಕಿ ಅತ್ಯುತ್ತಮವಾದುದನ್ನು ಹುಡುಕಿ ಇಟ್ಟಿದ್ದ ಸಂಗ್ರಹ ಅದು. ಶೆಲ್ಡನ್ನರ ಪುಸ್ತಕ ಹೊರಬಂದ 1949ರಲ್ಲೇ ಕ್ಲ್ಯಾಪ್ ತೀರಿಕೊಂಡರು.

ಆಗ ಆ ಸೊಸೈಟಿಯ ಕಟ್ಟಡ ಮ್ಯಾನ್‌ಹಟನ್ನಿನ 155ನೆಯ ಬೀದಿಯ ಬಳಿ ಇತ್ತು. ಶೆಲ್ಡನ್ನರ ವೈದ್ಯಕೀಯ ಕಾಲೇಜು 168ನೆಯ ಬೀದಿಯಲ್ಲಿ. ನಡೆದು ಹೋಗುವಷ್ಟು ದೂರ. ಆ ವಿಷಯದಲ್ಲಿ ದೇಶದಲ್ಲೇ ಪ್ರಮಾಣಪುರುಷರೆನಿಸಿದವರು ಬಂದು ಕ್ಲ್ಯಾಪರ ನಾಣ್ಯಗಳನ್ನು ನೋಡಬೇಕೆಂದರೆ ಅಡ್ಡಿ ಹೇಳುವವರು ಯಾರು? ತಟ್ಟೆಗಳನ್ನು ತಂದು ಮುಂದಿಟ್ಟರು. ಶೆಲ್ಡನ್ನರು ಒಳ್ಳೆಯ ನಾಣ್ಯವನ್ನು ತೆಗೆದುಕೊಂಡು, ಅದೇ ಪ್ರಭೇದದ ತಮ್ಮದೊಂದು ಕೀಳು ಪ್ರತಿಯನ್ನು ಅದರ ಸ್ಥಾನದಲ್ಲಿ ಇಟ್ಟುಬಂದರು. ಒಮ್ಮೆಯಲ್ಲ, ಹಲವು ಬಾರಿ. ಎಣಿಸಿದರೆ ಸಂಖ್ಯೆ ಸರಿಯಾಗಿತ್ತು. ಪ್ರಭೇದವನ್ನು ಪರೀಕ್ಷಿಸಿದರೆ ಅದೂ ಸರಿಯಾಗಿತ್ತು. ಅಚ್ಚು ಒಂದೇ ಆಗಿದ್ದರೆ ಪ್ರಭೇದ ಒಂದೇ ಎಂಬುದು ಶೆಲ್ಡನ್ನರೇ ಗಟ್ಟಿಗೊಳಿಸಿದ ಶಾಸ್ತ್ರವಲ್ಲವೆ? ಅದೇ ಅವರ ಕೃತ್ಯಕ್ಕೆ ಮರೆಯಾಯಿತು. ಹೀಗೆ ಬದಲಾದ ನಾಣ್ಯಗಳು 129 ಎಂದು ಬಳಿಕ ಲೆಕ್ಕ ಹಾಕಲಾಯಿತು.

ಹಿರಿಯರನ್ನು ಬಹುವಚನದಿಂದ ಕರೆಯುವುದು ನಮ್ಮ ರೂಢಿ. ಈ ಸಂಗತಿಯನ್ನು ಬರೆಯುವಾಗಲೂ ಅದನ್ನು ಬಿಡಲಾಗಲಿಲ್ಲ; ಲೇಖನಿ ಮಾತ್ರ ಒಮ್ಮೆ ತಡೆಯಿತು.

ಅವರ ಕೊನೆಯ ವರ್ಷಗಳು ಮನಃಶಾಸ್ತ್ರದಲ್ಲಿಯೂ ಸುಖದವಲ್ಲ. 1950ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿನಿಯರ ಬೆತ್ತಲೆ ಚಿತ್ರ ತೆಗೆಯಲು ಹೋದಾಗ ಒಬ್ಬಳು ತಂದೆತಾಯಿಯರಿಗೆ ಹೇಳಿದಳು, ವಕೀಲರು ಬಂದರು, ಚಿತ್ರಗಳನ್ನು ಸುಟ್ಟುಹಾಕಲಾಯಿತು. ದೇಹದಿಂದಲೇ ಶೀಲವನ್ನು ನಿರ್ಣಯಿಸುವ ಅವರ ವಾದವನ್ನೂ, ಅದರೊಳಗೆ ಸೇರಿಕೊಂಡಿದ್ದ ಕುಲೀನ ತಳಿ, ಹೀನ ತಳಿ ಎಂಬ ಜನಾಂಗೀಯ ಭಾವನೆಗಳನ್ನೂ ವಿದ್ವಾಂಸರು ತಿರಸ್ಕರಿಸುತ್ತ ಬಂದರು. ಅವರ ಸಹಾಯಕಿಯಾಗಿದ್ದ ಬಾರ್ಬರಾ ಹೀತ್ ಅವರನ್ನು ಬಿಟ್ಟುಹೋದರು. ಶೆಲ್ಡನ್ನರು ತಮ್ಮ ಸಿದ್ಧಾಂತಕ್ಕೆ ಹೊಂದುವಂತೆ ದತ್ತಾಂಶಗಳನ್ನು ತಿದ್ದಿದ್ದರೆಂದು ಮುಂದೆ ದೂರಿದರು. ಅಳತೆಗಳನ್ನು ಆಧರಿಸಿ ಹೀತ್ ಮತ್ತು ಕಾರ್ಟರ್ 1967ರಲ್ಲಿ ರೂಪಿಸಿದ ಪರಿಷ್ಕೃತ ವಿಧಾನವೇ ಈಗ ಕ್ರೀಡಾವಿಜ್ಞಾನದಲ್ಲಿ ಬಳಕೆಯಲ್ಲಿರುವುದು. ನಮ್ಮ ದೈಹಿಕ ಶಿಕ್ಷಣದ ಅಧ್ಯಾಪಕರು ಬಲ್ಲ ಹೆಸರುಗಳು ಇವು. ಶೆಲ್ಡನ್ನರ ಮೂರು ಶಬ್ದಗಳು ಅದರಲ್ಲಿ ಉಳಿದಿವೆ, ಸ್ವಭಾವದ ಭವಿಷ್ಯವಾಣಿ ಉಳಿದಿಲ್ಲ.

1972ರಲ್ಲಿ ಅವರು ತಮ್ಮ ಸೆಂಟುಗಳ ಸಂಗ್ರಹವನ್ನು ಕ್ಯಾಲಿಫೋರ್ನಿಯಾದ ಸಂಗ್ರಾಹಕರೊಬ್ಬರಿಗೆ ಮೂರು ಲಕ್ಷ ಡಾಲರಿಗೆ ಮಾರಿದರು. ಕೊಂಡವರಿಗೆ ನಾಣ್ಯಗಳ ಪೂರ್ವವೃತ್ತಾಂತ ತಿಳಿದಿರಲಿಲ್ಲ. ಐದು ವರ್ಷಗಳ ಬಳಿಕ, 1977ರ ಸೆಪ್ಟೆಂಬರ್ 17ರಂದು ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಶೆಲ್ಡನ್ನರು ನಿಧನರಾದರು. ಸೆಂಟಿನ ಸಂಗ್ರಾಹಕರ ಲೋಕ ಗುರುವನ್ನು ಕಳೆದುಕೊಂಡಂತೆ ದುಃಖಿಸಿತು.

ಗುಟ್ಟು ಹೊರಬಿದ್ದುದು ಅದಾಗಿ ಹದಿಮೂರು ಹದಿನಾಲ್ಕು ವರ್ಷಗಳ ಮೇಲೆ. ಕ್ಲ್ಯಾಪರ ನಾಣ್ಯಗಳಿಗೆ ಹಳೆಯ ಛಾಯಾಚಿತ್ರಗಳಿದ್ದವು. ಅಚ್ಚು ಒಂದೇ ಆದರೂ ಒಂದು ಶತಮಾನ ಜನರ ಕೈಯಲ್ಲಿ ಓಡಾಡಿದ ನಾಣ್ಯಕ್ಕೆ ಅದರದೇ ಆದ ಗೀರು, ಕಲೆ, ತಗ್ಗುಗಳಿರುತ್ತವೆ. ಚಿತ್ರದಲ್ಲಿದ್ದ ಗೀರು ಸೊಸೈಟಿಯ ತಟ್ಟೆಯಲ್ಲಿದ್ದ ನಾಣ್ಯದ ಮೇಲೆ ಇರಲಿಲ್ಲ. ಶೆಲ್ಡನ್ನರಿಂದ ಮಾರಾಟವಾದ ನಾಣ್ಯದ ಮೇಲೆ ಇತ್ತು. ಅವರು ಕಲಿಸಿದ್ದ ಸೂಕ್ಷ್ಮದೃಷ್ಟಿಯನ್ನೇ ಅವರ ಅನುಯಾಯಿಗಳು ಒಂದು ಹೆಜ್ಜೆ ಮುಂದೊಯ್ದು, ಪ್ರಭೇದವನ್ನು ದಾಟಿ ಒಂಟಿ ನಾಣ್ಯವನ್ನು ಗುರುತಿಸಿದ್ದರು.

ವಿವಾದ ಕ್ಯಾಲಿಫೋರ್ನಿಯಾದ ನ್ಯಾಯಾಲಯಕ್ಕೆ ಹೋಯಿತು. ಕಳವಾಗಿ ದಶಕಗಳು ಕಳೆದಿವೆ, ದಾವೆಯ ಅವಧಿ ಮೀರಿದೆ ಎಂಬುದು ಕೊಂಡವರ ವಾದ. ಮೇಲ್ಮನವಿಯ ನ್ಯಾಯಾಲಯ 1996ರಲ್ಲಿ ಅದನ್ನು ಒಪ್ಪಲಿಲ್ಲ. ಕಳವಾದ ವಸ್ತು ಯಾರ ಬಳಿ ಇದೆಯೆಂದು ಯಜಮಾನನು ಕಂಡುಕೊಂಡ ದಿನದಿಂದ ಅವಧಿಯನ್ನು ಎಣಿಸಬೇಕೆಂದು ನಿರ್ಣಯಿಸಿತು. ಅಪರಾಧಿ ಎಂದೋ ತೀರಿಹೋಗಿದ್ದ. ಹಣ ಕೊಟ್ಟು ಕೊಂಡವರು ನಿರಪರಾಧಿ. ವಂಚನೆಗೊಳಗಾದುದು ದಾನಿಯ ಮಾತನ್ನು ನಂಬಿ ಕಾಯುತ್ತಿದ್ದ ಸಂಸ್ಥೆ. ಯಾರಿಗೆ ನ್ಯಾಯ ಮಾಡಿದರೂ ಇನ್ನೊಬ್ಬರಿಗೆ ನೋವಾಗುವ ಪ್ರಸಂಗ.

ಕೆಲವು ನಾಣ್ಯಗಳು ಸೊಸೈಟಿಗೆ ಹಿಂದಿರುಗಿದವು. ಅಷ್ಟರಲ್ಲಿ ಬೇರೆ ಕೆಲವು ಮತ್ತೆ ಮಾರಾಟವಾಗಿ ಕೈಯಿಂದ ಕೈಗೆ ದಾಟಿಹೋಗಿದ್ದವು. ಶೆಲ್ಡನ್ನರ ಹೆಸರನ್ನು ಕೈಬಿಡಬೇಕೇ ಎಂಬ ಚರ್ಚೆ ಸಂಗ್ರಾಹಕರಲ್ಲಿ ನಡೆಯಿತು. ಆದರೆ 295 ಪ್ರಭೇದಗಳನ್ನು ಬೇರೆ ಯಾವ ಸಂಖ್ಯೆಗಳಿಂದ ಕರೆಯುವುದು? ಹರಾಜಿನ ಪಟ್ಟಿಗಳಲ್ಲಿ ಆ ಪುರಾತನ ಸೆಂಟುಗಳ ಪಕ್ಕದಲ್ಲಿ ಅವರ ಹೆಸರಿನ ಮೊದಲಕ್ಷರವೂ ಅವರು ಕೊಟ್ಟ ಸಂಖ್ಯೆಯೂ ಅಚ್ಚಾಗುತ್ತಲೇ ಇವೆ. ಕ್ಲ್ಯಾಪರ ಸಂಗ್ರಹದಿಂದ ಹೋದವುಗಳಿಗೂ ಅದೇ ಅಕ್ಷರ, ಅದೇ ಸಂಖ್ಯೆ.