ಹೆಬ್ಬೆಟ್ಟಿನ ಗಣಿತಜ್ಞ: ಖಾಜಿ ಅಜೀಜುಲ್ ಹಕ್

ಅಕ್ಷರ ಬಾರದವರನ್ನು ಕನ್ನಡದಲ್ಲಿ ‘ಹೆಬ್ಬೆಟ್ಟು’ ಎಂದೂ ಮರಾಠಿಯಲ್ಲಿ ‘ಅಂಗಠೇಬಹಾದ್ದರ’ ಎಂದೂ ಹಗುರವಾಗಿ ಕರೆಯುವುದುಂಟು. ಗೋವೆಗೆ ದುಡಿಯಲು ಬಂದ ಎಷ್ಟೋ ಕನ್ನಡಿಗರು ಕೂಲಿಯ ಪಟ್ಟಿಯ ಮೇಲೆ ಶಾಯಿಯ ಬೆರಳನ್ನೊತ್ತಿ ಈ ಮಾತಿಗೆ ಗುರಿಯಾದವರೇ. ಸಹಿಯನ್ನಾದರೂ ಬೇರೊಬ್ಬರು ಅನುಕರಿಸಬಹುದು. ಆದರೆ ಬೆರಳ ತುದಿಯ ಗೆರೆಗಳು ತಾಯಿಯ ಗರ್ಭದಲ್ಲಿಯೇ ಮೂಡಿ ಕೊನೆಯವರೆಗೂ ಅದೇ ವಿನ್ಯಾಸದಲ್ಲಿ ಉಳಿಯುತ್ತವೆ. ಈ ನಿಸರ್ಗದ ಮುದ್ರೆಯನ್ನು ಶಾಸ್ತ್ರದ ಚೌಕಟ್ಟಿಗೆ ತಂದವರಲ್ಲಿ ಖಾಜಿ ಅಜೀಜುಲ್ ಹಕ್ ಪ್ರಮುಖರು.

ಹಕ್ ಅವರು 1872ರಲ್ಲಿ ಅಂದಿನ ಬಂಗಾಳದ ಖುಲ್ನಾ ಪ್ರದೇಶದಲ್ಲಿ ಜನಿಸಿದರು. ಎಳೆವಯಸ್ಸಿನಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡ ಬಾಲಕ, ಅಣ್ಣನ ಮನೆಯಲ್ಲಿ ಊಟದ ವಿಷಯಕ್ಕೆ ಪೆಟ್ಟು ತಿಂದು, ಮನೆ ಬಿಟ್ಟು ಕಲಕತ್ತೆಗೆ ಓಡಿಹೋದನೆಂದು ಅವರ ಕುಟುಂಬದವರು ಹೇಳುತ್ತ ಬಂದಿದ್ದಾರೆ. ಅಲ್ಲಿ ಒಂದು ಕುಟುಂಬದ ಆಶ್ರಯದಲ್ಲಿ ಓದು ಮುಂದುವರಿಯಿತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರ ಗಣಿತಪ್ರತಿಭೆ ಬೆಳಗಿತು.

ಬಂಗಾಳದ ಪೊಲೀಸ್ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಹೆನ್ರಿ ಅವರಿಗೆ ಆಗ ಗಣಿತ ಬಲ್ಲ ತರುಣನೊಬ್ಬ ಬೇಕಾಗಿದ್ದ. ಕಾಲೇಜಿನ ಪ್ರಾಚಾರ್ಯರ ಶಿಫಾರಸಿನ ಮೇರೆಗೆ ಹಕ್ ಪೊಲೀಸ್ ಇಲಾಖೆಯ ಸಬ್‌ಇನ್ಸ್‌ಪೆಕ್ಟರ್ ಆದರು. ಅಪರಾಧಿಗಳ ದೇಹದ ಅಳತೆ ತೆಗೆದು ಗುರುತಿಡುವ ಬರ್ಟಿಲಾನ್ ಪದ್ಧತಿ ಅಂದು ಬಳಕೆಯಲ್ಲಿತ್ತು. ಅಳೆಯುವ ಕೈ ಬದಲಾದರೆ ಅಳತೆಯೂ ಬದಲಾಗುತ್ತಿತ್ತು. ಬೆರಳಚ್ಚಿನಲ್ಲಿ ಆ ದೋಷವಿರಲಿಲ್ಲ. ಆದರೆ ಸಾವಿರಾರು ಹಾಳೆಗಳ ನಡುವೆ ಬೇಕಾದ ಒಂದನ್ನು ಹುಡುಕುವುದು ಹೇಗೆ? ಫ್ರಾನ್ಸಿಸ್ ಗಾಲ್ಟನ್ ಅವರಂಥ ವಿದ್ವಾಂಸರಿಗೂ ಇದು ತೃಪ್ತಿಕರವಾಗಿ ಬಗೆಹರಿದಿರಲಿಲ್ಲ.

ಹಕ್ ಅವರ ಉತ್ತರ ಸರಳವಾಗಿತ್ತು. ಬೆರಳ ತುದಿಯ ವಿನ್ಯಾಸಗಳಲ್ಲಿ ಕಮಾನು, ಕುಣಿಕೆ, ಸುಳಿ ಎಂಬವು ಮುಖ್ಯ. ನಮ್ಮ ಹಿರಿಯರು ಮಕ್ಕಳ ಕೈ ಹಿಡಿದು ಎಣಿಸುತ್ತಿದ್ದ ಚಕ್ರವೇ ಈ ಸುಳಿ. ಬಲ ಹೆಬ್ಬೆರಳಿನಿಂದ ಎಡ ಕಿರುಬೆರಳಿನವರೆಗೆ ಹತ್ತು ಬೆರಳುಗಳನ್ನು ಐದು ಜೋಡಿಗಳಾಗಿ ವಿಂಗಡಿಸಿ, ಸುಳಿಯಿದ್ದ ಬೆರಳಿಗೆ ಜೋಡಿಯ ಕ್ರಮದಂತೆ 16, 8, 4, 2, 1 ಎಂಬ ಬೆಲೆ ಕೊಡಲಾಯಿತು. ಸುಳಿ ಇಲ್ಲದಿದ್ದರೆ ಸೊನ್ನೆ. ಪ್ರತಿ ಜೋಡಿಯ ಎರಡನೆಯ ಬೆರಳುಗಳ ಮೊತ್ತಕ್ಕೆ ಒಂದು ಕೂಡಿಸಿದರೆ ಅಂಶ, ಮೊದಲ ಬೆರಳುಗಳ ಮೊತ್ತಕ್ಕೆ ಒಂದು ಕೂಡಿಸಿದರೆ ಛೇದ. ಎರಡೂ 1ರಿಂದ 32ರವರೆಗೆ ಇರಬಲ್ಲವಾದ್ದರಿಂದ ಒಟ್ಟು 1,024 ಖಾನೆಗಳಾದವು. ಬಲಗೈ ತೋರುಬೆರಳೊಂದರಲ್ಲಿ ಮಾತ್ರ ಸುಳಿಯಿದ್ದವನ ಹಾಳೆ 17/1 ಎಂಬ ಖಾನೆಗೆ ಸೇರುತ್ತದೆ. ಅನಂತರ ಗೆರೆಗಳು ಎಲ್ಲಿ ನಿಲ್ಲುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು ಹೋಲಿಸಿ ವ್ಯಕ್ತಿಯನ್ನು ನಿರ್ಧರಿಸಬೇಕು. ಸಹೋದ್ಯೋಗಿ ಹೇಮಚಂದ್ರ ಬೋಸ್ ಅವರೂ ಈ ಪದ್ಧತಿಯನ್ನು ಬೆಳೆಸಿದರು. ಬೆರಳಚ್ಚಿನ ವಿವರವನ್ನು ತಂತಿಯ ಮೂಲಕ ಕಳುಹಿಸುವ ಸಂಕೇತಗಳನ್ನು ರೂಪಿಸಿದರು.

1897ರಲ್ಲಿ ಕಲಕತ್ತೆಯ ಬೆರಳಚ್ಚು ಕಚೇರಿ ಸ್ಥಾಪನೆಯಾಯಿತು. ಜಗತ್ತಿನ ಮೊದಮೊದಲ ಇಂಥ ಕಚೇರಿಗಳಲ್ಲಿ ಅದೂ ಒಂದು. ಅದೇ ವರ್ಷ ಜಲ್ಪಾಯಿಗುರಿಯ ಚಹಾತೋಟದ ವ್ಯವಸ್ಥಾಪಕರೊಬ್ಬರ ಕೊಲೆಯಾಯಿತು. ಅಲ್ಲಿ ದೊರೆತ ಪಂಚಾಂಗದ ಮೇಲಿನ ಕಂದು ಕಲೆ, ಹಿಂದೆ ಶಿಕ್ಷೆಯಾಗಿದ್ದ ಹಳೆಯ ಸೇವಕನೊಬ್ಬನ ಹೆಬ್ಬೆರಳಿಗೆ ಹೊಂದಿತು. ನ್ಯಾಯಾಲಯ ಅವನನ್ನು ಕಳ್ಳತನಕ್ಕಷ್ಟೇ ತಪ್ಪಿತಸ್ಥನೆಂದಿತು. ಕೊಲೆಯ ಆರೋಪಕ್ಕೆ ಆ ಗುರುತು ಸಾಲದಾಯಿತು. ಬೆರಳಚ್ಚು ಮುಟ್ಟಿದವನನ್ನು ಹೇಳುತ್ತದೆ, ಮಾಡಿದ ಕೃತ್ಯವನ್ನಲ್ಲ ಎಂಬ ವಿವೇಕ ಈ ತೀರ್ಪಿನಲ್ಲಿದೆ.

1900ರಲ್ಲಿ ಹೆನ್ರಿ ಅವರ ಗ್ರಂಥ ಪ್ರಕಟವಾಯಿತು. ಮರುವರ್ಷ ಅವರು ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಹೋದರು. ಪದ್ಧತಿಗೆ ಅವರ ಹೆಸರೇ ನಿಂತಿತು. ಬಿಹಾರದ ಪೊಲೀಸ್ ಸೇವೆಯಲ್ಲಿ ಮುಂದುವರಿದ ಹಕ್, ಮನ್ನಣೆಗಾಗಿ ಸರ್ಕಾರಕ್ಕೆ ತಾವೇ ಬರೆದುಕೊಳ್ಳಬೇಕಾಯಿತು. ಸಿಬ್ಬಂದಿಯಲ್ಲಿ ಎಲ್ಲರಿಗಿಂತ ಹೆಚ್ಚಿನ ಪಾಲು ಹಕ್ ಅವರದೆಂದು ಹೆನ್ರಿಯವರು 1926ರಲ್ಲಿ ಒಪ್ಪಿಕೊಂಡರು. 1924ರಲ್ಲಿ ‘ಖಾನ್ ಬಹಾದ್ದೂರ್’ ಬಿರುದು ಬಂದಿತ್ತು. 5,000 ರೂಪಾಯಿಗಳ ಗೌರವಧನವೂ ದೊರೆಯಿತು. 1935ರಲ್ಲಿ ಮೋತಿಹಾರಿಯಲ್ಲಿ ಅವರು ತೀರಿಕೊಂಡರು. ಮುಂದೆ ಬ್ರಿಟನ್ನಿನ ಬೆರಳಚ್ಚು ತಜ್ಞರ ಸಂಘವು ಹಕ್ ಮತ್ತು ಬೋಸ್ ಇಬ್ಬರ ಹೆಸರಿನಲ್ಲಿ ಸಂಶೋಧನಾ ಪ್ರಶಸ್ತಿಯನ್ನಿರಿಸಿತು.

ಪ್ರತಿಯೊಬ್ಬನ ಗುರುತನ್ನೂ ಅವನವನ ಖಾನೆಯಲ್ಲಿಡಲು ಲೋಕಕ್ಕೆ ಕಲಿಸಿದವರ ಹೆಸರು ಬಹುಕಾಲ ತನ್ನ ಖಾನೆಯನ್ನು ಸೇರದೆ ಉಳಿಯಿತು. ಅಕ್ಷರವಂತರು ಹಗುರವಾಗಿ ಕಂಡ ಹೆಬ್ಬೆಟ್ಟಿನಲ್ಲಿ ಅವರು ಗಣಿತವನ್ನು ಕಂಡರು. ಇನ್ನು ಮುಂದೆ ಆ ಮಾತನ್ನು ಆಡುವ ಮುನ್ನ ಹಕ್ ಅವರನ್ನು ನೆನೆಯುವುದು ಉಚಿತ.