ಯಂತ್ರಶಿಲ್ಪಿ ಫೆಲಿಕ್ಸ್ ವ್ಯಾಂಕೆಲ್

ಮಹನೀಯರ ಜೀವನಚರಿತ್ರೆ ಎಂದೊಡನೆ ನಮ್ಮ ಮನಸ್ಸು ಅರಸರು, ಕವಿಗಳು, ದೇಶಭಕ್ತರು ಇವರ ಕಡೆಗೆ ಓಡುವುದು ಸಹಜ. ಎಣ್ಣೆ ಮಸಿಗಳ ನಡುವೆ ಬಾಳನ್ನು ಸವೆಸಿದವನೊಬ್ಬನ ಚರಿತ್ರೆಯೂ ವಿದ್ಯಾರ್ಥಿಗಳಾದ ನಮಗೆ ಬೋಧಪ್ರದವಾಗಬಲ್ಲುದು ಎಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

1902ನೆಯ ಇಸವಿಯನ್ನು ನಮ್ಮ ಸೀಮೆಯವರು ಮರೆಯಲಾರರು. ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು ಆ ವರ್ಷ. ಅದೇ ವರ್ಷದ ಆಗಸ್ಟ್ 13ರಂದು ಜರ್ಮನಿಯ ಲಾರ್ ಎಂಬ ಊರಿನಲ್ಲಿ ಫೆಲಿಕ್ಸ್ ವ್ಯಾಂಕೆಲ್ ಜನಿಸಿದನು. ತಂದೆಯು ಅರಣ್ಯಾಧಿಕಾರಿ, 1914ರಲ್ಲಿ, ಮೊದಲನೆಯ ಮಹಾಯುದ್ಧದ ಆರಂಭದಲ್ಲಿಯೇ ಮಡಿದನು. ತಾಯಿಗೆ ಮಗನನ್ನು ಮುಂದೆ ಓದಿಸುವ ಅನುಕೂಲವಿರಲಿಲ್ಲ. ಹುಡುಗನು 1921ರಲ್ಲಿ ಶಾಲೆ ಮುಗಿಸಿ ಹೈಡಲ್‌ಬರ್ಗಿನ ಪುಸ್ತಕ ಪ್ರಕಾಶಕರೊಬ್ಬರಲ್ಲಿ ಕೆಲಸಕ್ಕೆ ಸೇರಿದನು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಆತನು ಹತ್ತಲಿಲ್ಲ. ಕಣ್ಣಿನ ದೃಷ್ಟಿಯೂ ಬಹಳ ಮಂದ. ಮೋಟಾರಿನ ಚರಿತ್ರೆಯಲ್ಲಿ ಹೆಸರು ಪಡೆದ ಈತನಿಗೆ ಕೊನೆಯವರೆಗೂ ಮೋಟಾರು ನಡೆಸುವ ಲೈಸೆನ್ಸು ಇರಲಿಲ್ಲವೆಂದರೆ ಯಾರಿಗೆ ತಾನೆ ಆಶ್ಚರ್ಯವಾಗದು!

ಹದಿನೇಳರ ಹರೆಯದಲ್ಲಿಯೇ ಹೊಸ ಬಗೆಯ ಎಂಜಿನ್ನಿನ ಕಾರೊಂದನ್ನು ಆತನು ಕನಸಿನಲ್ಲಿ ಕಂಡನೆಂದು ಹೇಳುತ್ತಾರೆ. 1924ರಲ್ಲಿ ಗೆಳೆಯರೊಡನೆ ಹೈಡಲ್‌ಬರ್ಗಿನಲ್ಲಿ ಸಣ್ಣದೊಂದು ಕಾರ್ಖಾನೆಯನ್ನು ತೆರೆದನು. 1929ರಲ್ಲಿ ತಿರುಗುವ ಎಂಜಿನ್ನಿನ ಮೊದಲ ಪೇಟೆಂಟು ದೊರೆಯಿತು.

ಈ ಎಂಜಿನ್ನಿನ ವೈಶಿಷ್ಟ್ಯವೇನು? ಸಾಮಾನ್ಯ ಎಂಜಿನ್ನಿನಲ್ಲಿ ಪಿಸ್ಟನ್ನು ಮೇಲೆ ಕೆಳಗೆ ಓಡಾಡುತ್ತದೆ. ಆ ಓಟವನ್ನು ಬಳಿಕ ಸುತ್ತುವಿಕೆಯಾಗಿ ಮಾರ್ಪಡಿಸಬೇಕು. ವ್ಯಾಂಕೆಲ್ಲನ ಎಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲ. ನಡು ಸಣ್ಣದಾದ ಮೊಟ್ಟೆಯಾಕಾರದ ಗೂಡಿನೊಳಗೆ ಉಬ್ಬಿದ ಬದಿಗಳ ತ್ರಿಕೋನವೊಂದು, ಒರಳಿನಲ್ಲಿ ಗುಂಡು ಹೊರಳುವಂತೆ, ಹೊರಳುತ್ತ ತಿರುಗುತ್ತದೆ. ತ್ರಿಕೋನ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟು ಮೂರು ಸುತ್ತು ಬರುತ್ತದೆ. ವಾಲ್ವುಗಳೂ ಇಲ್ಲ, ಗೂಡಿನ ಕಂಡಿಗಳನ್ನು ತ್ರಿಕೋನವೇ ಮುಚ್ಚಿ ತೆರೆಯುತ್ತದೆ.

ನನ್ನ ಅಣ್ಣ ಬಂಗಾರಪೇಟೆಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. 2001ರಲ್ಲಿ ಗಣಿಗಳು ಮುಚ್ಚಿ ತಾತನವರ ಸಂಪಾದನೆ ನಿಂತ ಮೇಲೆ ನಮ್ಮ ಮನೆ ಚೇತರಿಸಿಕೊಳ್ಳಲೇ ಇಲ್ಲ. ನಾನು ಓದಲೆಂದು ಅಣ್ಣ ಹತ್ತನೆಯ ತರಗತಿಗೇ ಓದು ನಿಲ್ಲಿಸಿ ಕಾಮಸಮುದ್ರದಿಂದ ದಿನವೂ ರೈಲಿನಲ್ಲಿ ದುಡಿಮೆಗೆ ಹೋಗತೊಡಗಿದ. ಪುಸ್ತಕದಲ್ಲಿ ಈ ಎಂಜಿನ್ನಿನ ಚಿತ್ರವನ್ನು ತೋರಿಸಿದಾಗ ಆತ ಅರೆಗಳಿಗೆ ನೋಡಿ, ತ್ರಿಕೋನದ ಮೂಲೆಗಳಲ್ಲಿ ಗ್ಯಾಸು ಸೋರುವುದನ್ನು ಹೇಗೆ ತಡೆದರೆಂದು ಕೇಳಿದ. ವ್ಯಾಂಕೆಲ್ಲನು ಆಯುಷ್ಯದ ಬಹುಭಾಗವನ್ನು ಕಳೆದದ್ದು ಇದೇ ಪ್ರಶ್ನೆಯ ಮೇಲೆ! ಮೂಲೆಗೊಂದರಂತೆ ಸ್ಪ್ರಿಂಗಿನ ಮೇಲೆ ಕುಳಿತ ತೆಳುವಾದ ಪಟ್ಟಿಗಳೇ ಈ ಎಂಜಿನ್ನಿನ ಪ್ರಾಣ. ಅವು ಸವೆದರೆ ಎಂಜಿನ್ನು ನಿಃಸತ್ವವಾಗುತ್ತದೆ.

ಚರಿತ್ರಕಾರನು ಸತ್ಯವನ್ನು ಮರೆಮಾಚಬಾರದು. ವ್ಯಾಂಕೆಲ್ಲನು ಯೌವನದಲ್ಲಿಯೇ ಹಿಟ್ಲರನ ಪಕ್ಷವನ್ನು ಸೇರಿದವನು. ಪ್ರಾಂತದ ಮುಖಂಡನೊಡನೆ ವಿರಸವಾಗಿ 1933ರಲ್ಲಿ ಕೆಲವು ತಿಂಗಳು ಸೆರೆಮನೆಯಲ್ಲಿದ್ದನು. ಆದರೂ ಬಳಿಕ ಲಿಂಡೌ ಪಟ್ಟಣದಲ್ಲಿ ಜರ್ಮನಿಯ ವಾಯುಯಾನ ಮಂತ್ರಾಲಯಕ್ಕಾಗಿ ದುಡಿದನು. ಯುದ್ಧ ಮುಗಿದಾಗ ಫ್ರೆಂಚರು ಆತನ ಕಾರ್ಯಾಗಾರವನ್ನು ಕಳಚಿ, ಆತನನ್ನು ಬಂಧಿಸಿದರು. ಕೈಯ ಕುಶಲತೆ ಬೇರೆ, ವಿವೇಕ ಬೇರೆ ಎಂಬುದಕ್ಕೆ ಈ ಅಧ್ಯಾಯವೇ ಸಾಕ್ಷಿ. ಆತನ ಯಂತ್ರವನ್ನು ಮೆಚ್ಚುವ ನಾವು ಆತನ ರಾಜಕೀಯವನ್ನು ಮೆಚ್ಚಬೇಕಾಗಿಲ್ಲ.

1951ರಲ್ಲಿ ಎನ್.ಎಸ್.ಯು. ಕಂಪನಿಯ ಆಶ್ರಯ ದೊರೆಯಿತು. 1957ರ ಫೆಬ್ರವರಿ 1ರಂದು ಆತನ ಎಂಜಿನ್ನು ಮೊದಲು ಉಸಿರಾಡಿತು. ಅದರಲ್ಲಿ ಹೊರಗಿನ ಗೂಡೂ ತಿರುಗುತ್ತಿದ್ದುದರಿಂದ ರಿಪೇರಿ ಬಹಳ ತೊಡಕು. ಅದೇ ಕಂಪನಿಯ ಎಂಜಿನಿಯರ್ ಹಾನ್ಸ್ ಡೀಟರ್ ಪಾಷ್ಕೆ ಗೂಡನ್ನು ಸ್ಥಿರವಾಗಿಟ್ಟು ರಚನೆಯನ್ನು ಸರಳಗೊಳಿಸಿದನು. ವ್ಯಾಂಕೆಲ್ಲನಿಗೆ ಈ ಬದಲಾವಣೆ ಹಿಡಿಸಲಿಲ್ಲ. ಆದರೆ ಲೋಕದಲ್ಲಿ ನಿಂತದ್ದು ಅದೇ ಮಾದರಿ. 1964ರಲ್ಲಿ ಸ್ಪೈಡರ್, 1967ರಲ್ಲಿ ರೋ 80 ಎಂಬ ಕಾರುಗಳು ಹೊರಬಂದವು. ರೋ 80ಕ್ಕೆ ಪ್ರಶಸ್ತಿಯೇನೋ ಬಂದಿತು. ಆದರೆ ಮೂಲೆಯ ಪಟ್ಟಿಗಳು ಬೇಗನೆ ಸವೆದು, ಎಂಜಿನ್ನುಗಳನ್ನು ಬದಲಿಸಿಕೊಡುವುದರಲ್ಲಿಯೇ ಕಂಪನಿ ಬಸವಳಿಯಿತು.

ಜಪಾನಿನ ಮಾಜ್ದಾ ಕಂಪನಿಯವರಿಗೂ ಇದೇ ಕಷ್ಟ. ಗೂಡಿನ ಒಳಮೈಯಲ್ಲಿ ಮೂಡುತ್ತಿದ್ದ ಗೀರುಗಳನ್ನು ಅವರು ದೆವ್ವದ ಉಗುರಿನ ಗುರುತೆಂದು ಕರೆಯುತ್ತಿದ್ದರು. ಕೆನಿಚಿ ಯಾಮಾಮೊಟೊ ಮತ್ತು ಸಂಗಡಿಗರು ಇಂಗಾಲಕ್ಕೆ ಅಲ್ಯೂಮಿನಿಯಂ ಸೇರಿಸಿದ ಪಟ್ಟಿಗಳಿಂದ ಆ ದೆವ್ವವನ್ನು ಬಿಡಿಸಿ 1967ರಲ್ಲಿ ಕಾಸ್ಮೋ ಸ್ಪೋರ್ಟ್ ಕಾರನ್ನು ಮಾರಾಟಕ್ಕೆ ತಂದರು. 1991ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ, 24 ಗಂಟೆಗಳ ಓಟದ ಕೊನೆಯಲ್ಲಿ, ನಾಲ್ಕು ತ್ರಿಕೋನಗಳ ಎಂಜಿನ್ನುಳ್ಳ ಮಾಜ್ದಾ ಕಾರೇ ಗೆದ್ದಿತು. ಇದನ್ನು ನೋಡಲು ವ್ಯಾಂಕೆಲ್ಲನಿರಲಿಲ್ಲ. 1988ರ ಅಕ್ಟೋಬರ್ 9ರಂದು ತೀರಿಕೊಂಡಿದ್ದನು.

ಇಂದಿಗೂ ಹಲವು ದೇಶಗಳಲ್ಲಿ ಹವ್ಯಾಸಿ ಯುವಕರು ಹಳೆಯ ಮಾಜ್ದಾ ಎಂಜಿನ್ನುಗಳನ್ನು ಮನೆಯ ಷೆಡ್ಡಿನಲ್ಲಿ ಬಿಚ್ಚಿ ಜೋಡಿಸುತ್ತಾರೆ. ಹೊಸಬನು ಮೊದಲು ನೋಡಬೇಕಾದದ್ದು ಮೂಲೆಯ ಪಟ್ಟಿಗಳ ಸವೆತ, ಅವುಗಳ ಹಿಂದಿನ ಸ್ಪ್ರಿಂಗು, ಗೂಡಿನ ಒಳಮೈಯ ಗೀರು. ಯಾವ ಪಟ್ಟಿ ಯಾವ ಮೂಲೆಯದೆಂದು ಗುರುತಿಟ್ಟುಕೊಳ್ಳದಿದ್ದರೆ ಕೆಲಸ ಕೆಟ್ಟಿತು. ಕೆಲವರು ಕಂಡಿಗಳನ್ನು ಕೊರೆದು ದೊಡ್ಡದು ಮಾಡುತ್ತಾರೆ. ಆಗ ಗಾಳಿ ಇಂಧನಗಳು ಹೆಚ್ಚಾಗಿ ನುಗ್ಗಿ ವೇಗದಲ್ಲಿ ಬಲ ಏರುತ್ತದೆ. ಆದರೆ ನಿಧಾನದ ಓಟದಲ್ಲಿ ಎಂಜಿನ್ನು ತಡವರಿಸುತ್ತದೆ. ಕೊರೆದ ಲೋಹ ಮರಳಿ ಬಾರದು. ಆದ್ದರಿಂದ ಅಳತೆ ಮೊದಲು, ಅರ ಆಮೇಲೆ.

ಈ ಎಂಜಿನ್ನು ನಮ್ಮ ಜಿಲ್ಲೆಗೂ ಬಂದಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರೂ ರಕ್ಷಣಾ ಸಂಶೋಧನೆಯವರೂ ಕೂಡಿ ನಿರ್ಮಿಸಿದ 55 ಅಶ್ವಶಕ್ತಿಯ ವ್ಯಾಂಕೆಲ್ ಎಂಜಿನ್ನನ್ನು ನಿಶಾಂತ್ ಎಂಬ ಚಾಲಕರಹಿತ ವಿಮಾನಕ್ಕೆ ಜೋಡಿಸಿ, 2009ರ ಏಪ್ರಿಲ್ 5ರಂದು ಕೋಲಾರದ ಬಳಿ ಹಾರಿಸಿದರು. ಎಂಜಿನ್ನಿನ ತೂಕ ಸುಮಾರು 30 ಕಿಲೋಗ್ರಾಂ ಮಾತ್ರ.

ಪದವಿಯಿಲ್ಲದ ವ್ಯಾಂಕೆಲ್ಲನಿಗೆ 1969ರಲ್ಲಿ ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ನೀಡಿತು. ಇದರಿಂದ ಪದವಿ ವ್ಯರ್ಥವೆಂದು ತೀರ್ಮಾನಿಸಲಾಗದು. ಪಾಷ್ಕೆ, ಯಾಮಾಮೊಟೊರಂತಹ ಎಂಜಿನಿಯರರು ಕೈಹಾಕದಿದ್ದರೆ ಆತನ ಕನಸು ರಸ್ತೆಗೆ ಇಳಿಯುತ್ತಿರಲಿಲ್ಲ. ಹಾಗೆಯೇ, ಓದಿಲ್ಲದ ಆ ಹುಡುಗನು ಕನಸು ಕಾಣದಿದ್ದರೆ ಅವರಿಗೆ ಸುಧಾರಿಸಲು ಎಂಜಿನ್ನೇ ಇರುತ್ತಿರಲಿಲ್ಲ. ನಮ್ಮ ವಂಶದಲ್ಲಿ ಬಿ.ಎ. ತರಗತಿಯನ್ನು ಮುಟ್ಟಿದವನು ನಾನೇ ಮೊದಲು. ಊರಿನವರು ನನ್ನನ್ನು ಓದಿದವನೆಂದೂ ಅಣ್ಣನನ್ನು ಓದದವನೆಂದೂ ಎಣಿಸುತ್ತಾರೆ. ಚಿತ್ರವನ್ನು ಕಂಡೊಡನೆ ಮೂಲೆಯ ಸೋರಿಕೆಯನ್ನು ಗುರುತಿಸಿದ ಆತನನ್ನು ಓದದವನೆನ್ನಲು ನನಗೆ ನಾಲಿಗೆ ಬಾರದು. ಓದಿನವರೂ ಕಸುಬಿನವರೂ ಒಬ್ಬರನ್ನೊಬ್ಬರು ಗೌರವಿಸುವಲ್ಲಿಯೇ ನಾಡಿನ ಏಳಿಗೆಯಿದೆ. ಈ ಕಾಲೇಜಿನಿಂದ ಹೊರಡುವ ನಾವೆಲ್ಲರೂ ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ.