ತವರಿನ ದಾರಿ

ಘಟ್ಟದ ತಿರುವಿನಲ್ಲಿ ಬಸ್ಸಿನ ಚಾಲಕ ಗೇರು ಬದಲಿಸಿದಾಗಲೆಲ್ಲ ನನಗೆ ಜರ್ಮನಿಯ ಒಬ್ಬ ಗೃಹಿಣಿಯ ನೆನಪಾಗುತ್ತದೆ. ಮೋಟಾರು ಗಾಡಿಯ ಚರಿತ್ರೆಯಲ್ಲಿ ಕಾರ್ಲ್ ಬೆಂಜ್ ಅವರ ಹೆಸರು ಮೊದಲು ಬರುತ್ತದೆ, ಅದು ನ್ಯಾಯವೇ. ಆದರೆ ಗಾಡಿಯನ್ನು ಕಟ್ಟಿದವರಿಗೆ ಕಾಣದಿದ್ದ ಕೊರತೆಗಳನ್ನು ಕಂಡವರು ಅದರಲ್ಲಿ ಕುಳಿತು ಹೋದ ಅವರ ಪತ್ನಿ ಬರ್ಥಾ.

ಬರ್ಥಾ 1849ರಲ್ಲಿ ಫೋರ್ಟ್ಸ್‌ಹೈಮ್ ಪಟ್ಟಣದಲ್ಲಿ ಜನಿಸಿದರು. 1872ರಲ್ಲಿ ಮದುವೆಯಾಗುವುದಕ್ಕೆ ಮೊದಲೇ ತಮ್ಮ ವರದಕ್ಷಿಣೆಯ ಹಣವನ್ನು ಕಾರ್ಲರ ಕಾರ್ಖಾನೆಗೆ ತೊಡಗಿಸಿದ್ದರು. 1886ರಲ್ಲಿ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟು ದೊರೆಯಿತು, ಪತಿಯೊಬ್ಬರ ಹೆಸರಿನಲ್ಲಿ. ಆದರೆ ಕೊಳ್ಳುವವರು ಮುಂದೆ ಬರಲಿಲ್ಲ. ಕುದುರೆಯಿಲ್ಲದ ಗಾಡಿಯನ್ನು ನಂಬಿ ಊರಿಂದೂರಿಗೆ ಹೋಗಬಹುದೆಂಬ ಧೈರ್ಯ ಜನರಲ್ಲಿ ಹುಟ್ಟದಿದ್ದರೆ, ಆಕೆಯ ಹಣವೂ ಹದಿನಾರು ವರ್ಷಗಳ ಸಂಸಾರದ ದುಡಿಮೆಯೂ ವ್ಯರ್ಥವಾಗುತ್ತಿದ್ದವು.

1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ, ಪತಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳೊಡನೆ ಆಕೆ ಮಾನ್‌ಹೈಮಿನಿಂದ ತವರಿಗೆ ಹೊರಟರು. ದಾರಿ 100 ಕಿಲೋಮೀಟರಿಗೂ ಹೆಚ್ಚು. ಇಂಧನ ತೀರುತ್ತ ಬಂದಾಗ ವೀಸ್ಲೋಖ್ ಊರಿನ ಔಷಧದ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ತುಂಬಿಸಿದರು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದರು. ವಿದ್ಯುತ್ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಅದಕ್ಕೆ ಸುತ್ತಿದರು. ಏರಿನಲ್ಲಿ ಎಂಜಿನ್ನು ಸೋತಾಗ ಗಾಡಿಯನ್ನು ತಳ್ಳಬೇಕಾಯಿತು. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡುಗಳು ಸವೆದುಹೋದಾಗ, ಬೂಟು ಹೊಲಿಯುವವನೊಬ್ಬನಿಂದ ಅವಕ್ಕೆ ತೊಗಲು ಹೊಡೆಸಿದರು. ಸಂಜೆಗೆ ತವರನ್ನು ಸೇರಿ, ಕ್ಷೇಮವಾಗಿ ತಲುಪಿದೆವೆಂದು ಪತಿಗೆ ತಂತಿ ಕೊಟ್ಟರು.

ಕೆಲವು ದಿನಗಳ ಬಳಿಕ ಹಿಂದಿರುಗಿದ ಆಕೆ ದಾರಿಯಲ್ಲಿ ಕಂಡ ಕುಂದುಗಳನ್ನೆಲ್ಲ ಪತಿಯ ಮುಂದಿಟ್ಟರು. ಕಾರ್ಲರೂ ಅದನ್ನು ಅವಮಾನವೆಂದು ಬಗೆಯಲಿಲ್ಲ. ಏರು ಹತ್ತುವುದಕ್ಕಾಗಿ ಗಾಡಿಗೆ ಇನ್ನೊಂದು ಗೇರನ್ನು ಸೇರಿಸಿದರು. ಆ ಪಯಣದ ಸುದ್ದಿ ಹರಡಿ, ಜನರ ಸಂಶಯವೂ ಕರಗತೊಡಗಿತು.

ನನಗೆ ಈ ಜೀವನದಲ್ಲಿ ದೊಡ್ಡದಾಗಿ ತೋರುವುದು ಆಕೆಯ ಸಾಹಸಕ್ಕಿಂತ ಆಕೆ ತಂದ ವರದಿ. ಕಾರ್ಖಾನೆಯ ನೆಲ ಸಮತಟ್ಟಾಗಿರುತ್ತದೆ. ಜನರು ನಡೆಯುವ ದಾರಿ ಹಾಗಿರುವುದಿಲ್ಲ. ಯಂತ್ರವನ್ನು ಬಲ್ಲವರು ದಾರಿಯನ್ನು ಬಲ್ಲವರ ಮಾತಿಗೆ ಕಿವಿಗೊಡದಿದ್ದರೆ ಗಾಡಿ ಏರಿನ ಬುಡದಲ್ಲಿಯೇ ನಿಲ್ಲುತ್ತದೆ.

1944ರಲ್ಲಿ, ತೊಂಬತ್ತೈದನೆಯ ಹುಟ್ಟುಹಬ್ಬದಂದು, ಕಾರ್ಲರು ಓದಿದ್ದ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯ ಬರ್ಥಾ ಅವರಿಗೆ ಗೌರವ ಸೆನೆಟರ್ ಎಂಬ ಬಿರುದನ್ನಿತ್ತಿತು. ಎರಡು ದಿನಗಳ ನಂತರ ಆಕೆ ತೀರಿಕೊಂಡರು. ಪೇಟೆಂಟಿನಲ್ಲಿ ಆಕೆಯ ಹೆಸರಿಲ್ಲ. ಆದರೆ ಏರು ಹತ್ತುವ ಗಾಡಿಯ ಗೇರಿನ ಸದ್ದಿನಲ್ಲಿ ನನಗೆ ಆಕೆಯ ಹೆಸರೇ ಕೇಳಿಸುತ್ತದೆ.